ಕೈಗಿಳಿಯದ ಪಾಠ

ವಿಚಾರಣೆಯಿಲ್ಲದೆ ಯಾರನ್ನೂ ದಂಡಿಸಕೂಡದು. ದಂಡಿಸುವುದನ್ನು ಕಂಡವರು ಎದ್ದು ಬೇಡವೆನ್ನಬೇಕು. ಇದು ಆ ರಾಜ್ಯದ ಪೌರನೀತಿ ಪುಸ್ತಕದ ಮೊದಲ ಪಾಠ. ಶಾಲೆಗೆ ಹೋದವರೆಲ್ಲ ಅದನ್ನು ಬಾಯಿಪಾಠ ಮಾಡಿದ್ದರು. ಅವರೆಲ್ಲರೂ ಅದನ್ನು ಮುರಿದರು.

ಅರಸ ಡಂಗುರ ಹೊಡೆಸಿದ: "ಮೂರು ಒಗಟು ಬಿಡಿಸಿದವನು ಮಂತ್ರಿ. ತಪ್ಪಿದವನ ತಲೆ ಹೋಗುತ್ತದೆ."

ತುಂಬಿದ ಸಭೆಯಲ್ಲಿ ಅರಸ ಕೇಳಿದ: "ಕಿವಿಯಿಂದ ಒಳಗೆ ಹೋಯಿತು, ಬಾಯಿಂದ ಹೊರಗೆ ಬಂತು, ಕೈಗೆ ಮಾತ್ರ ಇಳಿಯಲಿಲ್ಲ. ಏನದು?"

ಶಾಲೆಗೇ ಮೊದಲಿಗನಾದ ವೃಷಭೇಂದ್ರ "ಸಂಗೀತ" ಎಂದ.

"ತಾಳ ಹಾಕುವುದು ಯಾವುದರಿಂದಯ್ಯ, ಮೂಗಿನಿಂದಲೋ?" ಎಂದ ಅರಸ.

ಎರಡನೆಯವನು ಚೆನ್ನಕೇಶವ. ಅವನು ಹೇಳಿದ: "ಪ್ರಭು, ಪಾಠದ ಕೊನೆಯಲ್ಲಿ ಈ ಪ್ರಶ್ನೆ ಕೊಟ್ಟಿಲ್ಲ."

ಇಬ್ಬರನ್ನೂ ಕೈಕಟ್ಟಿ ವಧೆಯ ಕಟ್ಟೆಯ ಮೇಲೆ ಕೂರಿಸಿದರು. ಸಭೆ ಉಸಿರೆತ್ತಲಿಲ್ಲ.

ಆಗ ಚಾಪೆ ಹೆಣೆಯುವ ಹುಲಿಗ ಎದ್ದ. ಶಾಲೆಯ ಕಿಟಕಿಯಡಿ ಕೂತು ಹೆಣೆಯುತ್ತ ಅವನೂ ಆ ಪಾಠ ಕೇಳಿಸಿಕೊಂಡಿದ್ದ. ಅವನಿಗೆ ಪರೀಕ್ಷೆ ಇರಲಿಲ್ಲ. ಕೇಳಿದ ಮಾತನ್ನು ನಿಜವೆಂದೇ ನಂಬಿದ್ದ. ಮಂತ್ರಿಯಾದರೆ ಇವರಿಬ್ಬರನ್ನು ಬಿಡಿಸಬಹುದು ಎಂಬುದೊಂದೇ ಅವನ ಆಸೆ.

"ಅದು ಪೌರನೀತಿಯ ಪಾಠ, ಬುದ್ಧಿ. ಕೇಳಿದರು, ಒಪ್ಪಿಸಿದರು, ಯಾರೂ ಮಾಡಲಿಲ್ಲ."

ಅರಸ ಹುಬ್ಬೇರಿಸಿದ. "ತುಂಬಿಕೊಂಡು ಒಳಗೆ ಹೋಗುತ್ತಾರೆ, ಒಂದೇ ಜಾವದಲ್ಲಿ ಬರಿದಾಗಿ ಹೊರಗೆ ಬರುತ್ತಾರೆ. ಯಾವ ಮನೆ?"

"ಪರೀಕ್ಷೆಯ ಕೋಣೆ. ಕಲಿತದ್ದನ್ನೆಲ್ಲ ಅಲ್ಲೇ ಸುರಿದು ಬರುತ್ತಾರೆ."

"ಸಾವಿರ ಜನ ಕೂತಿದ್ದಾರೆ, ಪ್ರಜೆ ಒಬ್ಬನೂ ಇಲ್ಲ. ಎಲ್ಲಿ?"

ಹುಲಿಗ ಸುತ್ತ ನೋಡಿದ. ಶಾಲೆಯ ಗುರುಗಳು ನೆಲ ನೋಡುತ್ತಿದ್ದರು.

"ಇಲ್ಲೇ, ಬುದ್ಧಿ. ಕಣ್ಣೆದುರಿಗೆ ಇಬ್ಬರನ್ನು ಕೊಲ್ಲಲು ಕೂರಿಸಿದ್ದೀರಿ. ಬೇಡವೆಂದವರಿಲ್ಲ."

ಅರಸ ನಕ್ಕ. "ಮೂರೂ ಸರಿ! ನನಗೂ ಇದೆಲ್ಲ ಗೊತ್ತಪ್ಪ. ಗೊತ್ತಿರುವುದರಿಂದಲೇ ನೆಮ್ಮದಿಯಾಗಿ ಆಳುತ್ತಿದ್ದೇನೆ." ಶಾಲು ಹೊದಿಸಿ, ಮಂತ್ರಿಮುದ್ರೆಯನ್ನು ಹುಲಿಗನ ಕೈಗಿಟ್ಟ. "ಮೊದಲ ಕೆಲಸ. ಇವರಿಬ್ಬರ ಮರಣದಾಜ್ಞೆಗೆ ಒತ್ತು."

"ಅವರ ಮಾತು ಇನ್ನೂ ಯಾರೂ ಕೇಳಿಲ್ಲವಲ್ಲ?"

"ಒತ್ತದಿದ್ದರೆ ಆ ಕಟ್ಟೆಯ ಮೇಲೆ ಮೂವರಿಗೂ ಜಾಗವಿದೆ."

ಹುಲಿಗ ಸಭೆಯತ್ತ ತಿರುಗಿ ಕಾದ. ಹಿಂದಿನ ಸಾಲಿನಿಂದ ವಿದ್ಯಾರ್ಥಿಯೊಬ್ಬನ ಪಿಸುಮಾತು ಮಾತ್ರ ಕೇಳಿಸಿತು: "ಗುರುಗಳೇ, ಇದು ಪರೀಕ್ಷೆಗೆ ಬರುತ್ತದೆಯೇ?"

"ಬರಬಹುದು. ಬರೆದುಕೋ."

ಹುಲಿಗ ಮುದ್ರೆಯನ್ನು ಅರಸನ ಕಾಲ ಬಳಿ ಇಟ್ಟ. ಶಾಲು ತೆಗೆದು ಅದರ ಪಕ್ಕ ಮಡಿಸಿಟ್ಟ. ಕಟ್ಟೆ ಹತ್ತಿ, ಆ ಇಬ್ಬರ ನಡುವೆ ಮಂಡಿಯೂರಿ ಕೂತು, ಕತ್ತು ಬಗ್ಗಿಸಿದ.