ಅಕ್ಕಪಕ್ಕ ನಿಂತ ರಾಜರು

ಕ್ಲಬ್ಬಿನ ಟೂರ್ನಿಯಲ್ಲಿ ಟೈಲರ್ ಇಮ್ತಿಯಾಜನಿಗೂ ವಾದಿರಾಜ ಮೇಷ್ಟ್ರಿಗೂ ನಡೆದ ಚದುರಂಗದಾಟ ಡ್ರಾ ಆಯಿತು. ಹಲಗೆಯ ಮೇಲೆ ಉಳಿದವರು ರಾಜರಿಬ್ಬರೇ. ಫಲಿತಾಂಶ ಬರೆದುಕೊಳ್ಳುವವರಿಗೆ ದೂರದಿಂದಲೇ ತಿಳಿಯಲೆಂದು ಆಟಗಾರರು ಪದ್ಧತಿಯಂತೆ ಅವರನ್ನು ನಟ್ಟನಡುವೆ ಅಕ್ಕಪಕ್ಕ ನಿಲ್ಲಿಸಿದರು.

ಬಿಳಿ ರಾಜ ಸಿಡುಕಿದ: "ದಂಡೆಲ್ಲ ಹೋಯಿತು, ಗೆಲುವೂ ಸಿಗಲಿಲ್ಲ. ಹಿಂದಿನ ಆಟದಲ್ಲಿ ಗೆದ್ದು ಇಲ್ಲಿ ನಾನೊಬ್ಬನೇ ನಿಂತಿದ್ದೆ."

"ಆಗ ನಿನ್ನ ಜೊತೆ ಯಾರು ಮಾತಾಡಿದರು?" ಎಂದು ಕಪ್ಪು ರಾಜ ಕೇಳಿದ.

"ಯಾರೂ ಇಲ್ಲ. ನೀನು ಮಗುಚಿ ಬಿದ್ದಿದ್ದೆ."

"ಆಟದಲ್ಲಿ ನಮ್ಮ ನಡುವೆ ಒಂದು ಮನೆಯಾದರೂ ಅಂತರ ಇರಲೇಬೇಕು. ಗೆದ್ದವನು ಒಂಟಿ, ಸೋತವನು ನೆಲಕ್ಕೆ. ನಿನ್ನ ಮುಖವನ್ನು ಇಷ್ಟು ಹತ್ತಿರದಿಂದ ಕಂಡದ್ದು ಇವತ್ತೇ. ನೀನು ಅಷ್ಟು ಗಟ್ಟಿಯಾಗಿ ನಿಂತೆ, ಅದನ್ನು ನೋಡಿಯೇ ನಾನೂ ಪಟ್ಟು ಬಿಡದೆ ನಿಂತೆ. ನಿನ್ನ ಉಪಕಾರ ಮರೆಯಲಾರೆ."

ಬಿಳಿ ರಾಜ ಮೊದಲ ಸಲ ಅವನ ಮುಖವನ್ನು ದಿಟ್ಟಿಸಿ ನೋಡಿದ.

ಹಲಗೆಯಿಂದ ಮೇಲೆ, ಇಮ್ತಿಯಾಜ್ ಮೇಷ್ಟ್ರ ಕೈಕುಲುಕಿ, "ಬನ್ನಿ ಮೇಷ್ಟ್ರೇ, ಚಹಾ ಕುಡಿಯೋಣ. ನಿಮ್ಮ ಆ ಆನೆಯ ನಡೆ ನನಗೂ ಹೇಳಿಕೊಡಿ" ಎಂದ. ಮೇಷ್ಟ್ರು ನಗುತ್ತ ಕಾಯಿಗಳನ್ನು ಎತ್ತಿಡಲು ಕೈ ಚಾಚಿದರು.

"ಒಂದು ಗಳಿಗೆ ತಡೆಯಿರಿ!" ಎಂದು ಬಿಳಿ ರಾಜ ಅಂಗಲಾಚಿದ. "ನಾನಿನ್ನೂ ಇವನಿಗೆ ಧನ್ಯವಾದ ಹೇಳಿಲ್ಲ."