ಚಾಲೂ ಇಟ್ಟ ರೇಡಿಯೊ

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಹೊಳೆಯ ನೀರು ಮುಟ್ಟಿ ಹೇಳುತ್ತೇನೆ. ಹೊಳೆ ಬತ್ತಿದ್ದರೆ ಮರಳು ಮುಟ್ಟಿ ಹೇಳುತ್ತೇನೆ. ನಂಬದವರು ಆ ಆಶ್ರಮಕ್ಕೇ ಹೋಗಿ ವಿಚಾರಿಸಿ. ದಾರಿ ಮಾತ್ರ ನಿಮ್ಮ ಈ ಕಾಕಾ ಒಬ್ಬನಿಗೇ ಗೊತ್ತು.

ಹೊಳೆ ದಂಡೆಗೆ ಅಡವಯ್ಯಜ್ಜಾರ ಆಶ್ರಮ. ಎದುರಿಗೆ ಒಂದು ಬೋಳು ಗುಡ್ಡ.

ಬೇರೆ ಆಶ್ರಮಗಳಲ್ಲಿ ಮಂತ್ರ ಕಲಿಸುತ್ತಾರೆ. ಅಜ್ಜಾರು ಹ್ಯಾಮ್ ರೇಡಿಯೊ ಕಲಿಸುತ್ತಿದ್ದರು. ಕೀ ಒತ್ತಿ ಗಿಡ್ಡ ಸದ್ದು, ಉದ್ದ ಸದ್ದುಗಳಲ್ಲಿ ಅಕ್ಷರ ಕಳಿಸಿ, ಕಾಣದ ದೇಶದ ಕಾಣದ ಮನುಷ್ಯನ ಜೊತೆ ಮಾತಾಡುವ ವಿದ್ಯೆ. ಕಾಣದವನ ಮಾತಿಗೆ ಕಿವಿ ಕೊಡುವುದನ್ನು ಕಲಿತವನಿಗೆ ದೇವರೇನು ದೂರವೇ ಎಂದು ಕೇಳುತ್ತಿದ್ದರು.

ಅಲ್ಲಿ ಇಬ್ಬರು ಶಿಷ್ಯರು. ಗವಿಸಿದ್ದ, ನೀಲವ್ವ. ನಾನು ಅಡುಗೆಮನೆಗೆ ಸೌದೆ ಒಡೆಯುತ್ತಿದ್ದೆ.

ಗವಿಸಿದ್ದನಿಗೆ ಅಜ್ಜಾರು ಗುಡ್ಡದ ಮೇಲಿನ ದೊಡ್ಡ ಸೆಟ್ಟು ಕೊಟ್ಟಿದ್ದರು. ಮೇಲೆ ಎತ್ತರದ ಆಂಟೆನಾ, ಪಕ್ಕದಲ್ಲಿ ಬಿಸಿಲಿನಿಂದ ತುಂಬುವ ಬ್ಯಾಟರಿ. ಗುಡ್ಡ ಹತ್ತುವ ಕೆಲಸವಿಲ್ಲ. ಆಶ್ರಮದಲ್ಲಿ ಕುಳಿತು ಮೊಬೈಲಿನಲ್ಲೇ ಅದನ್ನು ಆಡಿಸುತ್ತಿದ್ದ.

ನೀಲವ್ವನಿಗೆ ಕೊಟ್ಟದ್ದು ಅವಲಕ್ಕಿ ಡಬ್ಬಿಯಷ್ಟು ಸೆಟ್ಟು, ಎರಡು ಬೇವಿನ ಮರಗಳ ನಡುವೆ ಕಟ್ಟಿದ ತಂತಿ. ಆ ತಂತಿಯ ಮೇಲೆ ಅಡುಗೆಯವರು ಆಗಾಗ ಪಂಚೆಯನ್ನೂ ಒಣಹಾಕುತ್ತಿದ್ದರು.

ಆದರೂ ಜಗತ್ತು ಉತ್ತರ ಕೊಡುತ್ತಿದ್ದದ್ದು ಅವಳಿಗೆ.

ಹಾಡುವವರಿಗೆ ಕಂಠವಿದ್ದ ಹಾಗೆ ಕೀ ಒತ್ತುವವರಿಗೆ ಕೈ. ನೀಲವ್ವನ ಕೈ ಹಾಗಿತ್ತು. ಅವಳು ಕೀ ಒತ್ತಿದರೆ ಹೊಳೆಯ ಕಪ್ಪೆಗಳು ಬಾಯಿ ಮುಚ್ಚಿ ಕೇಳುತ್ತಿದ್ದವು. ನಾನೇ ಕಂಡಿದ್ದೇನೆ.

ಸಮುದ್ರದಾಚೆಯ ಒಂದು ದ್ವೀಪದಲ್ಲಿ ರಫಾಯೆಲ್ ಎಂಬ ಮುದುಕನಿದ್ದ. ದಿನಾ ಸಂಜೆ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದ. ಗವಿಸಿದ್ದ ಹತ್ತು ಪಟ್ಟು ಜೋರಾಗಿ ಕೂಗಿದರೆ ಸೌಜನ್ಯಕ್ಕೊಂದು ನಮಸ್ಕಾರ ಹೇಳಿ, ಮತ್ತೆ ಅವಳ ಕಡೆಗೇ ತಿರುಗುತ್ತಿದ್ದ.

ಗವಿಸಿದ್ದನ ಹೊಟ್ಟೆಕಿಚ್ಚಿನ ಮೇಲೆ ಇಡೀ ಆಶ್ರಮದ ಅನ್ನ ಬೇಯಿಸಬಹುದಿತ್ತು. ಸೌದೆಯಾದರೂ ಉಳಿಯುತ್ತಿತ್ತು.

ಅವನು ಗುಡ್ಡದ ಸೆಟ್ಟನ್ನು ಬಂದ್ ಮಾಡುವುದನ್ನೇ ಬಿಟ್ಟ. ಉಣ್ಣುವಾಗ ಕಿವಿಗೆ ಮೊಬೈಲು. ಹೊಳೆಯಲ್ಲಿ ಮುಳುಗುವಾಗ ಮೊಬೈಲು ದಂಡೆಯ ಮುಳ್ಳುಕಂಟಿಗೆ ನೇತಾಡುತ್ತಿತ್ತು. ನೀಲವ್ವ ಯಾರ ಜೊತೆ ಮಾತಾಡಿದಳು, ಅವರು ಏನೆಂದು ಹೊಗಳಿದರು, ಅವಳು ಎಲ್ಲಿ ತಪ್ಪಿದಳು, ಎಲ್ಲ ಅವನಿಗೆ ಬೇಕು.

ಅವಳು ತಪ್ಪುತ್ತಿರಲಿಲ್ಲ. ಅವನ ಪ್ರಕಾರ ಅದೇ ಅವಳು ಮಾಡಿದ ದೊಡ್ಡ ತಪ್ಪು.

ಒಂದು ದಿನ ಮೋಡ ಕಟ್ಟಿತು. ಗುಡ್ಡಕ್ಕೆ ಸಿಡಿಲು ಹೊಡೆದೀತು, ಸೆಟ್ಟು ಬಂದ್ ಮಾಡಣ್ಣಾ ಎಂದಳು ನೀಲವ್ವ. ಬಂದ್ ಮಾಡಿದ ಮೇಲೆ ಅದು ಮತ್ತೆ ಏಳದಿದ್ದರೆ ಗುಡ್ಡ ಹತ್ತುವವರು ಯಾರು, ನಿನ್ನ ಬೇವಿನ ಮರವೇ ಎಂದು ಇವನು ಕೇಳಿದ. ಇಬ್ಬರ ಮಾತಿನಲ್ಲೂ ಹುರುಳಿತ್ತು. ಜಗಳ ಅಜ್ಜಾರ ತನಕ ಹೋಯಿತು.

"ಅಜ್ಜಾರ, ದೂರದ ಸೆಟ್ಟು ಚಾಲೂ ಇಡಬೇಕೋ, ಬಂದ್ ಮಾಡಬೇಕೋ? ಒಂದು ಹೇಳ್ರಿ" ಎಂದ ಗವಿಸಿದ್ದ.

ಅಜ್ಜಾರು ಅವನನ್ನು ಅಡುಗೆಮನೆಗೆ ಕರೆದೊಯ್ದರು. ಊಟ ಮುಗಿದು ಒಲೆಯಲ್ಲಿ ಬರೀ ಬೂದಿ ಕಾಣುತ್ತಿತ್ತು.

"ಈ ಒಲಿ ಚಾಲೂ ಐತೋ, ಬಂದ್ ಐತೋ?"

"ಬಂದ್ ಐತ್ರಿ."

"ಕೈ ಇಟ್ಟು ನೋಡು."

ಇಟ್ಟ. ಬೂದಿಯಡಿಯ ಕೆಂಡ ತಾಗಿ ಬೆರಳು ಬಾಯಿಗೆ ಹೋಯಿತು.

ಅಜ್ಜಾರು ಹೊರಗೆ ನಡೆದರು.

ಗವಿಸಿದ್ದ ಬುದ್ಧಿವಂತ. ಸೆಟ್ಟನ್ನು ಪೂರ್ತಿ ಆರಿಸಬಾರದು, ಕೆಂಡದ ಹಾಗೆ ಒಳಗೆ ಜೀವ ಹಿಡಿದಿಡಬೇಕು, ಗುರುಗಳ ಅಪ್ಪಣೆಯೇ ಆಯಿತು ಎಂದು ನಮಗೆಲ್ಲ ಸಾರಿಕೊಂಡು ಬಂದ. ಸುಟ್ಟ ಬೆರಳನ್ನು ಸಾಕ್ಷಿಗೆ ತೋರಿಸಿದ.

ಅಷ್ಟಕ್ಕೇ ನಿಲ್ಲಲಿಲ್ಲ. ಆ ಸೆಟ್ಟಿಗೆ ಒಂದು ಟೈಮರ್ ಇತ್ತು. ಒಂದೇ ಸದ್ದು ಬಹಳ ಹೊತ್ತು ಹೊರಟರೆ ಏನೋ ಕೆಟ್ಟಿದೆ ಎಂದು ತಿಳಿದು ತಾನೇ ಸೆಟ್ಟಿನ ಬಾಯಿ ಮುಚ್ಚಿಸುತ್ತಿತ್ತು. ಅದು ತನ್ನ ಮಾತಿಗೆ ಅಡ್ಡ ಬರುತ್ತದೆಂದು ಮೊಬೈಲಿನಿಂದಲೇ ತೆಗೆದುಹಾಕಿದ.

ಹೀಗಿರುವಾಗ ರಫಾಯೆಲ್ ಮುದುಕ ಒಂದು ಸುದ್ದಿ ಹೇಳಿದ. ಕಣ್ಣು ಮಂಜಾಗಿದೆ, ಮಗಳ ಮನೆಗೆ ಹೊರಟಿದ್ದೇನೆ, ನಾಳೆ ಸಂಜೆ ಕೊನೆಯ ಸಲ ಕರೆಯುತ್ತೇನೆ, ಆಮೇಲೆ ಆಂಟೆನಾ ಇಳಿಸುತ್ತೇನೆ ಎಂದ. ಹೋಗುವ ಮುಂಚೆ ನಿನಗೊಂದು ಮಾತು ಹೇಳುವುದಿದೆ ಎಂದೂ ನೀಲವ್ವನಿಗೆ ಹೇಳಿದ.

ಗವಿಸಿದ್ದ ಅದನ್ನೂ ಕೇಳಿಸಿಕೊಂಡ. ಏನು ಮಾತು? ಅವಳಿಗೇ ಯಾಕೆ?

ಮಾರನೆಯ ಸಂಜೆ ನೀಲವ್ವ ತಲೆಗೆ ಎಣ್ಣೆ ಹಚ್ಚಿ, ಹೆರಳು ಹಾಕಿಕೊಂಡು ಸೆಟ್ಟಿನ ಮುಂದೆ ಕುಳಿತಳು, ಮುದುಕನ ಕಣ್ಣಿಗೆ ಕಾಣುತ್ತೇನೇನೋ ಎಂಬಂತೆ. ಸೂರ್ಯ ಇಳಿಯುತ್ತಿದ್ದ. ದೂರದಿಂದ ಅವಳ ಹೆಸರಿನ ಮೊದಲ ಅಕ್ಷರ ಬಂತು.

ಗವಿಸಿದ್ದ ಮೊಬೈಲಿನಲ್ಲಿ ಬೆರಳು ಒತ್ತಿದ.

ಮಾತಾಡಲಿಕ್ಕಲ್ಲ. ಸೆಟ್ಟು ಹದ ಮಾಡುವವರು ಒಂದು ಉದ್ದನೆಯ ಸದ್ದು ಬಿಡುವುದುಂಟು. ಅದೇ ನೆಪ. ಯಾರೂ ಕಳ್ಳ ಎನ್ನುವ ಹಾಗಿಲ್ಲ. ಮುದುಕನ ಮಾತು ಅದರಡಿ ಮುಚ್ಚಿಹೋದರೆ ಸಾಕು, ಬೆರಳು ಎತ್ತಿದರಾಯಿತು.

ಬೆರಳು ಎತ್ತಿದ. ಅಷ್ಟರೊಳಗೆ ನೆಟ್ ಹೋಗಿತ್ತು.

ಬೆರಳು ಎತ್ತಿದ ಸುದ್ದಿ ಗುಡ್ಡಕ್ಕೆ ತಲುಪಲೇ ಇಲ್ಲ. ಮೇಲಿನ ಸೆಟ್ಟು ಕೂಗುತ್ತಲೇ ಇತ್ತು. ತಡೆಯಬೇಕಾದ ಟೈಮರನ್ನು ತೆಗೆದವನು ಇವನೇ. ಕೆಳಗೆ ನೀಲವ್ವನ ಡಬ್ಬಿಯಿಂದ ಒಂದೇ ಸಮನೆ ಕೊಯ್ಯುವಂಥ ಸದ್ದು. ಅವಳು ಎದ್ದು ಬಂದು ಅವನ ಮುಂದೆ ನಿಂತಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಅಜ್ಜಾರು ಕೋಲು ತೆಗೆದುಕೊಂಡು, "ನಡಿ, ಗುಡ್ಡಕ್ಕ" ಎಂದರು.

ಗವಿಸಿದ್ದ ಮುಂದೆ ಓಡಿದ. ನಾನು ಅಜ್ಜಾರನ್ನು ಹೆಗಲ ಮೇಲೆ ಕೂರಿಸಿಕೊಂಡು, ಉಸಿರೂ ಏರದ ಹಾಗೆ ಹಿಂದೆಯೇ ಹತ್ತಿದೆ.

ಮೇಲಿನ ಗೂಡಂಗಡಿಯಂಥ ಕೋಣೆಯಲ್ಲಿ ಸೆಟ್ಟು ಕಾದ ಹಂಚಾಗಿತ್ತು. ಹಿಟ್ಟು ಒಯ್ದಿದ್ದರೆ ಎರಡು ರೊಟ್ಟಿ ಬಡಿದು ಸುಡುತ್ತಿದ್ದೆ. ಗವಿಸಿದ್ದ ಬ್ಯಾಟರಿಯ ವೈರು ಕಿತ್ತ. ಸದ್ದು ನಿಂತಿತು. ಗುಡ್ಡದ ಗಾಳಿ ಕೇಳತೊಡಗಿತು.

"ಬೇಕಂತ ಒತ್ತಿದೆ, ಅಜ್ಜಾರ" ಎಂದ.

ಅಜ್ಜಾರು ಹೆಗಲ ಮೇಲಿನ ವಸ್ತ್ರ ತೆಗೆದು, ಜ್ವರ ಬಂದ ಕೂಸಿಗೆ ಬೀಸುವ ಹಾಗೆ ಸೆಟ್ಟಿಗೆ ಗಾಳಿ ಬೀಸುತ್ತ ಕುಳಿತರು. ಅದು ಆರುವ ತನಕ ಬೀಸಿದರು.

"ಈಗ ಚಾಲೂ ಮಾಡು."

"ಬಂದ್ ಮಾಡಾಕ ಬಂದದ್ದಲ್ಲೇನ್ರಿ?"

"ಮುದುಕ ಇನ್ನೂ ಹೋಗಿಲ್ಲ. ಕೇಳು."

ವೈರು ಮತ್ತೆ ಸಿಕ್ಕಿಸಿದ. ಹೌದು. ತೀರಾ ಕ್ಷೀಣವಾಗಿ, ಬಾವಿಯ ತಳದಿಂದ ಬಂದ ಹಾಗೆ, ರಫಾಯೆಲ್ ಇನ್ನೂ ನೀಲವ್ವನನ್ನು ಕರೆಯುತ್ತಿದ್ದ. ಹೊತ್ತು ಮುಳುಗಿತ್ತು. ಅಷ್ಟು ದೂರದ ದನಿ ಬೇವಿನ ಮರದ ತಂತಿಗೆ ಈಗ ಸಿಗುವಂತಿರಲಿಲ್ಲ. ಗುಡ್ಡದ ಆಂಟೆನಾಕ್ಕೆ ಮಾತ್ರ ಸಿಗುತ್ತಿತ್ತು.

ರೇಡಿಯೊದವರಲ್ಲಿ ಒಂದು ಪದ್ಧತಿಯಿದೆ. ಇಬ್ಬರಿಗೆ ಪರಸ್ಪರ ಕೇಳದಿದ್ದರೆ ನಡುವಿನವನು ಮಾತು ದಾಟಿಸಬೇಕು. ಒಂದಕ್ಷರ ಸೇರಿಸುವಂತಿಲ್ಲ, ಒಂದಕ್ಷರ ನುಂಗುವಂತಿಲ್ಲ.

ಕೋಣೆಯಲ್ಲಿ ಹಳೆಯದೊಂದು ಕೀ ಇತ್ತು. ಅಜ್ಜಾರು ಅದನ್ನು ಅವನ ಮುಂದೆ ಸರಿಸಿದರು.

ಮುದುಕ ಹೇಳಿದ, ಇವನು ಕೆಳಗೆ ಡಬ್ಬಿಯ ಮುಂದೆ ಕುಳಿತಿದ್ದ ನೀಲವ್ವನಿಗೆ ಕಳಿಸಿದ. ನಾಳೆ ಹೊರಡುತ್ತೇನೆ ಎಂದದ್ದನ್ನು ಕಳಿಸಿದ. ಮಗಳ ಮನೆಯಿಂದ ಸಮುದ್ರ ಕಾಣುವುದಿಲ್ಲ ಎಂದದ್ದನ್ನೂ ಕಳಿಸಿದ. ಆಮೇಲೆ ಆ ಮಾತು ಬಂತು.

"ಇಡೀ ಆಯುಷ್ಯದಲ್ಲಿ ನಿನ್ನಂಥ ಕೈ ಇನ್ನೊಂದು ಕೇಳಿಲ್ಲ, ಮಗಳೇ."

ಗವಿಸಿದ್ದನ ಕೈ ಕೀ ಮೇಲೆ ನಿಂತುಬಿಟ್ಟಿತು. ನನಗೆ ಆ ಸದ್ದಿನ ಭಾಷೆ ತಿಳಿಯದು, ಆ ಮಾತು ಅವನೊಬ್ಬನಿಗೇ ತಿಳಿದಿತ್ತು. ಅಲ್ಲೇ ನುಂಗಿದ್ದರೆ ಜಗತ್ತಿನಲ್ಲಿ ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಅಜ್ಜಾರು ಬೇಕೆಂದೇ ಕಿವಿಗೆ ವಸ್ತ್ರ ಸುತ್ತಿಕೊಂಡು, ಹೊರಗೆ ಹೋಗಿ, ಕೆಂಪು ಮುಗಿಲು ನೋಡುತ್ತ ನಿಂತಿದ್ದರು.

ಬೆವರು ಒರೆಸಿಕೊಂಡ. ಕಳಿಸಿದ. ಒಂದೊಂದೇ ಅಕ್ಷರ, ತನ್ನ ಬೆರಳಿನಿಂದಲೇ. ಅಷ್ಟು ಚೊಕ್ಕವಾಗಿ ಅವನು ಹಿಂದೆಂದೂ ಕಳಿಸಿರಲಿಲ್ಲ.

ಕೆಳಗಿನಿಂದ ನೀಲವ್ವ ಮುದುಕನಿಗೆ ಒಂದೇ ಮಾತು ಕಳಿಸಿದಳು: ಕೈ ನಿಂತರೂ ಕಿವಿ ಇರುತ್ತದಲ್ಲ ಅಜ್ಜಾ, ನಾನು ಕರೆಯುತ್ತಿರುತ್ತೇನೆ. ಅದನ್ನೂ ಸಮುದ್ರದಾಚೆಗೆ ದಾಟಿಸಿದ.

ಮುದುಕ ಕೇಳಿದ, ನಡುವೆ ನಿಂತು ದಾಟಿಸಿದ ಪುಣ್ಯಾತ್ಮ ಯಾರು?

ಹೆಸರು ಹೇಳಬೇಕೆಂದು ಎಷ್ಟು ಸಂಜೆ ಕೂಗಿದವನು ಅವನು. ಈಗ ಮುದುಕನೇ ಕೇಳುತ್ತಿದ್ದಾನೆ.

ಗವಿಸಿದ್ದ ಒತ್ತಿದ: "ಗುಡ್ಡ."

ಗುಡ್ಡಕ್ಕೆ ನನ್ನ ನಮಸ್ಕಾರ ಎಂದ ಮುದುಕ. ರೇಡಿಯೊದವರ ವಿದಾಯದ ಎರಡು ಗಿಡ್ಡ ಸದ್ದು ಬಂದವು. ಆಮೇಲೆ ಆ ಕಡೆ ಬರೀ ಸಮುದ್ರ.

ಅಜ್ಜಾರು ಒಳಗೆ ಬಂದರು. ಗವಿಸಿದ್ದ ಸ್ವಿಚ್ಚಿನ ಮೇಲೆ ಕೈ ಇಟ್ಟು, "ಇನ್ನ ಬಂದ್ ಮಾಡಲೇನ್ರಿ?" ಎಂದು ಕೇಳಿದ.

ಅಜ್ಜಾರು ಕೊಟ್ಟ ಉತ್ತರ ಹೇಳುವ ಮುಂಚೆ ಒಂದು ತಪ್ಪೊಪ್ಪಿಗೆ. ಅವರನ್ನು ಹೆಗಲ ಮೇಲೆ ಹೊತ್ತು ಹತ್ತಿದೆ ಎಂದೆನಲ್ಲ, ಆ ಒಂದು ಸಣ್ಣ ಸಂಗತಿ ನಾನೇ ಸೇರಿಸಿದ್ದು. ಅರ್ಧ ಗುಡ್ಡಕ್ಕೇ ಕುಳಿತುಬಿಟ್ಟ ನನ್ನನ್ನು ಕೋಲು ಕೊಟ್ಟು ಎಳೆದುಕೊಂಡು ಹೋದವರು ಅವರು. ಉಳಿದದ್ದೆಲ್ಲ ನಿಜ, ಈ ಮಾತಂತೂ ಅವರ ಬಾಯಿಂದ ಬಂದ ಹಾಗೆಯೇ:

"ಈಗ ಅದರಾಗ ನೀ ಇಲ್ಲ. ಚಾಲೂ ಇರಲಿ ಬಿಡು."