ಮಂಡಕ್ಕಿ ಹಾಲೇಶಪ್ಪ ಬಜ್ಜಿ ಕೇಳಿದ್ದು

"ಗುರುಗಳೇ, ಯಾರ ಹಂಗಿಗೂ ಬೀಳದೆ ಬದುಕುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಕೇಳಿದವನು ಗಟ್ಟಿ ಆಳು. ಮಠದ ಅರ್ಧ ಕೆಲಸ ಅವನೊಬ್ಬನ ಕೈಯಲ್ಲೇ ಆಗುತ್ತಿತ್ತು. ಬೇರೆಯವರ ಪಾಲಿನ ನೀರನ್ನೂ ಅವನೇ ಸೇದುತ್ತಿದ್ದ. ಆದರೆ ಮೊನ್ನೆ ತನಗೆ ಜ್ವರ ಬಂದಾಗ, ಜೊತೆಯವನೊಬ್ಬ ತಂದ ಗಂಜಿಯನ್ನು ಬೇಡವೆಂದು ಹಾಗೇ ಹಿಂದಕ್ಕೆ ಕಳಿಸಿದ್ದ. ಗುರುವಿನ ಕಿವಿಗೆ ಅದು ಬಿದ್ದಿತ್ತು.

"ಕೂತುಕೋ," ಎಂದು ಗುರು ಹೇಳತೊಡಗಿದರು.

ಒಂದು ಸಣ್ಣ ಪೇಟೆಯಲ್ಲಿ ಹಾಲೇಶಪ್ಪ ಎಂಬ ವ್ಯಾಪಾರಿ ಇದ್ದ. ಅವನದು ಮಂಡಕ್ಕಿ ಭಟ್ಟಿ. ಬೆಳಗಾದರೆ ಒಲೆಗೆ ಹೊಟ್ಟು ಸುರಿದು, ಬಾಣಲೆಯ ಮರಳು ಕಾಯಿಸಿ, ಅಕ್ಕಿ ಹುರಿಯುವುದು ಅವನ ಕಸುಬು. ಭಟ್ಟಿಯ ಹೊಗೆ ಎದ್ದಿತೆಂದರೆ ಪೇಟೆಗೆ ಬೆಳಗಾಯಿತು ಎಂದೇ ಲೆಕ್ಕ. ಸುತ್ತಲಿನ ಹಳ್ಳಿಗಳಿಗೆಲ್ಲ ಮಂಡಕ್ಕಿ ಹೋಗುತ್ತಿದ್ದುದು ಅಲ್ಲಿಂದಲೇ.

ಹಾಲೇಶಪ್ಪನ ಕೈ ದೊಡ್ಡದು. ಯಾರ ಮನೆಯಲ್ಲಾದರೂ ಸಾವಾಗಿ ಒಲೆ ಹಚ್ಚದಿದ್ದರೆ, ಅವರು ಬಾಯಿಬಿಡುವ ಮೊದಲೇ ಅವನ ಮಂಡಕ್ಕಿ ಚೀಲ ಆ ಮನೆಯ ಜಗುಲಿಯ ಮೇಲೆ ಇರುತ್ತಿತ್ತು. ಮದುವೆಗೆ ಚೀಲ, ಶಾಲೆಯ ಮಕ್ಕಳ ಬಾವುಟದ ಹಬ್ಬಕ್ಕೆ ಚೀಲ. ಬಸ್ಸು ಕೆಟ್ಟು ನಿಂತರೆ ಅದರಲ್ಲಿದ್ದ ಪರವೂರಿನವರಿಗೂ ಮಂಡಕ್ಕಿ. ಕೊಟ್ಟದ್ದನ್ನು ಅವನು ಎಂದೂ ಆಡಿ ತೋರಿಸಿದವನಲ್ಲ.

ಆದರೆ ಅವನು ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ಒಬ್ಬ ರೈತ ತನ್ನ ಹಿತ್ತಿಲಲ್ಲಿ ಬೆಳೆದ ಕುಂಬಳಕಾಯಿಗಳನ್ನು ಹೊತ್ತು ತಂದು ಪ್ರೀತಿಯಿಂದ ಅವನ ಮುಂದಿಟ್ಟ. ಹಾಲೇಶಪ್ಪ ಅವನಿಗೆ ನೀರು ಕೊಟ್ಟ, ಊರ ಸುದ್ದಿ ಮಾತಾಡಿದ, ಕುಂಬಳಕಾಯಿಗಳ ಜೊತೆಗೆ ಒಂದು ಚೀಲ ಮಂಡಕ್ಕಿಯನ್ನೂ ಸೇರಿಸಿ ಅವನ ತಲೆಯ ಮೇಲೇ ಹೊರಿಸಿ ಕಳಿಸಿದ. ಮದುವೆಗೆ ಕರೆದರೆ ಹೋಗಿ ಅಕ್ಷತೆ ಹಾಕುತ್ತಿದ್ದ. ಎಲೆ ಹಾಕುವ ಹೊತ್ತಿಗೆ, ಭಟ್ಟಿಯಲ್ಲಿ ಬೆಂಕಿ ಬಿಟ್ಟು ಬಂದಿದ್ದೇನೆ ಎಂದು ಎದ್ದು ಹೊರಟುಬಿಡುತ್ತಿದ್ದ. ಹೀಗಾಗಿ ಬರಬರುತ್ತ ಜನ ಅವನಿಗೆ ಏನನ್ನೂ ತರುವುದನ್ನೇ ಬಿಟ್ಟರು. ದೊಡ್ಡ ಮನುಷ್ಯ ಅನ್ನುತ್ತಿದ್ದರು. ಅಂದು ಬೇರೆ ಮಾತಿಗೆ ತಿರುಗುತ್ತಿದ್ದರು.

ಅವನು ಹಾಗಾದದ್ದಕ್ಕೆ ಕಾರಣವಿತ್ತು. ಅವನ ತಾಯಿ ಇನ್ನೊಬ್ಬರ ಮನೆಯಲ್ಲಿ ಮುಸುರೆ ತಿಕ್ಕಿ ಅವನನ್ನು ಸಾಕಿದವಳು. ಹಿತ್ತಿಲ ಬಾಗಿಲಲ್ಲಿ ಕೂತು ಅವನು ಆ ಮನೆಯ ಅನ್ನ ಉಂಡಿದ್ದ. ಆ ಮನೆಯ ಯಜಮಾನಿ ಕೆಟ್ಟವಳಲ್ಲ, ಹೊಟ್ಟೆ ತುಂಬ ಹಾಕುತ್ತಿದ್ದಳು. ಆದರೆ ನೆಂಟರು ಬಂದಾಗಲೆಲ್ಲ ಅವನನ್ನು ಕರೆದು ನಿಲ್ಲಿಸಿ, "ಇವನು ನಮ್ಮ ಮನೆ ಅನ್ನದಲ್ಲೇ ಬೆಳೆದವನು" ಎಂದು ಹೇಳುತ್ತಿದ್ದಳು. ಆಗ ತಾಯಿ ತಲೆ ತಗ್ಗಿಸುತ್ತಿದ್ದಳು. ಅದನ್ನು ನೋಡಿ ನೋಡಿಯೇ ಅವನು ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಿದ್ದ: ಇನ್ನು ಯಾರ ಮುಂದೆಯೂ ಕೈ ಒಡ್ಡುವುದಿಲ್ಲ.

ಈ ನಿಶ್ಚಯದ ಭಾರವನ್ನು ಹೆಚ್ಚು ಹೊತ್ತವಳು ಅವನ ಹೆಂಡತಿ ಶಾಂತವೀರಮ್ಮ. ಅವಳಿಗೆ ಜನ ಬೇಕು, ಮಾತು ಬೇಕು. ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತಂದರೂ ಗಂಡ ಮುಖ ಗಂಟಿಕ್ಕುತ್ತಿದ್ದ. ಹಾಲು ಕೆಟ್ಟರೂ ಚಿಂತೆಯಿಲ್ಲ, ಇನ್ನೊಬ್ಬರ ಹೆಪ್ಪು ಬೇಡ ಅನ್ನುತ್ತಿದ್ದ. ಅವಳು ಸೆರಗಿನ ಮರೆಯಲ್ಲಿ ಬಟ್ಟಲು ಇಟ್ಟುಕೊಂಡು ಹಿತ್ತಿಲಿನಿಂದ ಹೋಗಿ ಹೆಪ್ಪು ತರುತ್ತಿದ್ದಳು. ಗಂಡ ಊಟಕ್ಕೆ ಕೂತು ಮೊಸರು ಚೆನ್ನಾಗಿದೆ ಅಂದಾಗ ಒಳಗೊಳಗೇ ನಗುತ್ತಿದ್ದಳು.

ಭಟ್ಟಿಯ ಎದುರಿಗೆ, ರಸ್ತೆಯ ಆಚೆ ಬದಿಯಲ್ಲಿ, ಕೆಂಚಮ್ಮ ಎಂಬ ಹೆಂಗಸು ಸಂಜೆ ಹೊತ್ತು ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದಳು. ಜನ ಹಾಲೇಶಪ್ಪನ ಹತ್ತಿರ ಪೊಟ್ಟಣದಲ್ಲಿ ಮಂಡಕ್ಕಿ ಕಟ್ಟಿಸಿಕೊಂಡು, ರಸ್ತೆ ದಾಟಿ ಬಂದು, ಅವಳ ಬೆಂಚಿನ ಮೇಲೆ ಕೂತು ಬಜ್ಜಿಯ ಜೊತೆ ತಿನ್ನುತ್ತಿದ್ದರು. ಮಂಡಕ್ಕಿ ಇಲ್ಲದೆ ಬಜ್ಜಿ ಬರೀ ಖಾರ, ಬಜ್ಜಿ ಇಲ್ಲದೆ ಮಂಡಕ್ಕಿ ಬರೀ ಗಾಳಿ. ಹಾಗಾಗಿ ಎರಡೂ ಅಂಗಡಿಗಳು ಒಂದನ್ನೊಂದು ನೆಚ್ಚಿಕೊಂಡೇ ನಡೆಯುತ್ತಿದ್ದವು. ಹಾಲೇಶಪ್ಪ ಅದನ್ನು ಹಾಗೆಂದು ಎಣಿಸಿರಲಿಲ್ಲ ಅಷ್ಟೆ.

ಕೆಂಚಮ್ಮನ ಗಂಡ ತೀರಿಕೊಂಡಾಗ ಅವಳ ಮನೆಗೂ ಚೀಲ ಹೋಗಿತ್ತು. ಅದಾದ ಮೇಲೂ, ಅವಳು ತನ್ನ ಕಾಲ ಮೇಲೆ ನಿಲ್ಲುವವರೆಗೆ, ವಾರವಾರವೂ ಹೋಗುತ್ತಿತ್ತು. ಬಜ್ಜಿ ಅಂಗಡಿ ಹಾಕಿದ ಮೊದಲ ದಿನ ಅವಳು ಮೊದಲ ಬಾಣಲೆಯ ಬಜ್ಜಿಗಳನ್ನು ತಟ್ಟೆಯಲ್ಲಿಟ್ಟು ಅವನಿಗೆ ಒಯ್ದಳು. ಅವನು ಬಜ್ಜಿಗಳನ್ನು ಆಳುಗಳಿಗೆ ಹಂಚಿ, ಅದೇ ತಟ್ಟೆಯ ತುಂಬ ಮಂಡಕ್ಕಿ ಹಾಕಿ ಕೊಟ್ಟ. ಒಂದನ್ನೂ ಬಾಯಿಗೆ ಇಡಲಿಲ್ಲ. ಅವಳು ತಟ್ಟೆ ಹಿಡಿದು ರಸ್ತೆ ದಾಟಿದಳು. ಮತ್ತೆ ಒಯ್ಯಲಿಲ್ಲ.

ಒಂದು ವರ್ಷ ಆಷಾಢದಲ್ಲಿ ಜಡಿಮಳೆ ಹಿಡಿಯಿತು. ಭಟ್ಟಿಯ ಹೊಗೆಗೂಡು ಹಳೆಯದು, ಅದರ ಬುಡಕ್ಕೆ ನೀರು ಇಳಿದಿತ್ತು. ಒಂದು ಮಧ್ಯಾಹ್ನ ಆಳುಗಳು ಬುತ್ತಿ ಬಿಚ್ಚಿಕೊಂಡು ಹೊರಗಿನ ಸೂರಿನಡಿ ಕೂತಿದ್ದಾಗ ಗೂಡು ಒಲೆಯ ಮೇಲೆ ಕುಸಿಯಿತು. ಬಾಣಲೆ ಎರಡು ಹೋಳಾಯಿತು. ಒಳಗಿದ್ದ ಹಾಲೇಶಪ್ಪನ ಬಲಗೈ ಮೇಲೆ ಇಟ್ಟಿಗೆ ಬಿದ್ದು ಮೂಳೆ ಮುರಿಯಿತು. ಪ್ರಾಣಕ್ಕೇನೂ ಆಗಲಿಲ್ಲ. ನಾಟಿ ವೈದ್ಯ ಬಿದಿರ ಪಟ್ಟಿ ಕಟ್ಟಿ, ಕೈ ಅಲ್ಲಾಡಿಸಬೇಡ ಎಂದು ಹೇಳಿ ಹೋದ.

ಮರುದಿನ ಪೇಟೆಯಲ್ಲಿ ಹೊಗೆ ಏಳಲಿಲ್ಲ.

ಗಾರೆ ಕೆಲಸದ ದಾದಾಪೀರ ಬಂದ. "ಅಣ್ಣಾ, ಇಟ್ಟಿಗೆ ನನ್ನ ಹತ್ರ ಉಳಿದಾವೆ. ಮಳೆ ಬಿಡ್ಲಿ, ನಾನೂ ನನ್ನ ತಮ್ಮನೂ ಬಂದು ಗೂಡು ಎಬ್ಬಿಸಿಬಿಡ್ತೀವಿ," ಎಂದ.

"ಬೇಡ ದಾದಾಪೀರ. ನಾನು ನೋಡ್ಕೊಳ್ತೀನಿ," ಎಂದ ಹಾಲೇಶಪ್ಪ.

ದರ್ಜಿ ಬಂದ, ಕುಂಬಳಕಾಯಿಯ ರೈತ ಬಂದ, ಶಾಲೆಯ ಮೇಷ್ಟ್ರು ಬಂದರು. ಎಲ್ಲರಿಗೂ ಅದೇ ಉತ್ತರ. ಬಂದವರು ಜಗುಲಿಯ ಮೇಲೆ ಸ್ವಲ್ಪ ಹೊತ್ತು ಕೂತು, ಮಳೆಯ ಮಾತಾಡಿ ಹೋದರು.

ಮಳೆ ಬಿಟ್ಟರೂ ಭಟ್ಟಿ ಏಳಲಿಲ್ಲ. ಆಳುಗಳು ಕೂಲಿ ಹುಡುಕಿಕೊಂಡು ಬೇರೆ ಊರಿಗೆ ಹೋಗತೊಡಗಿದರು. ಕೆಂಚಮ್ಮನ ಬೆಂಚು ಖಾಲಿಯಾಗುತ್ತ ಬಂತು. ಹಾಲೇಶಪ್ಪನಿಗೆ ಪಂಚೆಯ ಗಂಟನ್ನೂ ತಾನೇ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಹೆಂಡತಿ ತುತ್ತು ಮಾಡಿ ಬಾಯಿಗಿಡಬೇಕಿತ್ತು. ಅವನು ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದ. ಪಟ್ಟಿ ಕಟ್ಟಿದ ಕೈಯ ನೋವಿಗಿಂತ ಹೆಚ್ಚಾಗಿ ಅವನನ್ನು ನೋಯಿಸುತ್ತಿದ್ದುದು ಜನರ ಕಣ್ಣಿನ ಮರುಕ. ಹಿತ್ತಿಲ ಬಾಗಿಲಲ್ಲಿ ಮತ್ತೆ ಕೂತ ಹಾಗೆ ಅವನಿಗೆ ಅನ್ನಿಸುತ್ತಿತ್ತು.

ಒಂದು ಬೆಳಗ್ಗೆ ಅವನು ಹೆಂಡತಿಗೆ ಹೇಳಿದ: "ಈ ಜಾಗ ಮಾರಿಬಿಡೋಣ. ಪರವೂರಿನವನೊಬ್ಬ ಗೋದಾಮಿಗೆ ಕೇಳ್ತಿದಾನೆ. ನಮ್ಮನ್ನ ಯಾರೂ ಗುರುತಿಸದ ಊರಿಗೆ ಹೋಗಿ ಇದ್ದುಬಿಡೋಣ."

ಶಾಂತವೀರಮ್ಮ ಅಡುಗೆಮನೆಗೆ ಹೋಗಿ ಬಟ್ಟಲು ತೆಗೆದುಕೊಂಡಳು. ಸೆರಗಿನಲ್ಲಿ ಮುಚ್ಚಿಕೊಳ್ಳದೆ, ಮುಂಬಾಗಿಲಿನಿಂದ ಹೊರಗೆ ಹೋಗಿ, ನಡುರಸ್ತೆಯಲ್ಲಿ ನಡೆದು ಕೆಂಚಮ್ಮನ ಮನೆಗೆ ಹೆಪ್ಪು ಕೇಳಲು ಹೋದಳು. ಕೇಳಲು ಹೋದವಳು ಅಲ್ಲೇ ಕೂತು ಅತ್ತಳು.

ಅಂದು ಸಂಜೆ ಕೆಂಚಮ್ಮ ಒಲೆಯನ್ನು ಹಾಗೇ ಬಿಟ್ಟು, ಕೈಗೆ ಮೆತ್ತಿದ ಕಡಲೆಹಿಟ್ಟನ್ನೂ ತೊಳೆಯದೆ ಹಾಲೇಶಪ್ಪನ ಹೊಸ್ತಿಲಲ್ಲಿ ಬಂದು ನಿಂತಳು.

"ಊರು ಬಿಡ್ತೀಯಂತೆ?"

"ಹೌದು."

"ಯಾಕೆ?"

"ಯಾರ ಹಂಗೂ ಬೇಡ ಕೆಂಚಮ್ಮ. ಇಷ್ಟು ವರ್ಷ ಹಂಗಿಲ್ಲದೇ ಬದುಕಿದೀನಿ. ಈಗ ಕೈ ಒಡ್ಡಿ ಕೀಳಾಗೋಕೆ ಆಗಲ್ಲ."

ಕೆಂಚಮ್ಮ ಹೊಸ್ತಿಲು ದಾಟಿ ಒಳಗೆ ಬಂದಳು.

"ನನ್ನ ಗಂಡ ಸತ್ತಾಗ ನಿನ್ನ ಚೀಲ ನನ್ನ ಮನೆಗೆ ಬಂತು. ನಾನು ತಗೊಂಡೆ. ನನ್ನ ಮಕ್ಕಳಿಗೆ ಅದನ್ನೇ ತಿನ್ನಿಸಿದೆ. ಅಣ್ಣನ ಹಾಗೆ ಕೊಟ್ಟ ಅಂದ್ಕೊಂಡು ತಗೊಂಡೆ. ತಗೊಳ್ಳೋದು ಕೀಳು ಅಂತ ನಿನ್ನ ಮನಸ್ಸಲ್ಲಿ ಇತ್ತು ಅಂದರೆ, ಅವತ್ತು ನನ್ನನ್ನ ಏನಂತ ತಿಳ್ಕೊಂಡು ಕೊಟ್ಟೆ? ಈ ಊರಲ್ಲಿ ನಿನ್ನ ಮಂಡಕ್ಕಿ ತಿನ್ನದ ಮನೆ ಇಲ್ಲ. ನಾವೆಲ್ಲ ಕೀಳೇನು?"

ಹಾಲೇಶಪ್ಪನಿಗೆ ಆ ಯಜಮಾನಿ ನೆನಪಾದಳು. ಇವನು ನಮ್ಮ ಮನೆ ಅನ್ನದಲ್ಲಿ ಬೆಳೆದವನು ಎಂದು ಅವಳು ಬಾಯಿಬಿಟ್ಟು ಹೇಳಿದ್ದಳು. ತಾನು ಯಾರಿಗೂ ಹಾಗೆ ಹೇಳಿದವನಲ್ಲ ಎಂಬ ಸಮಾಧಾನ ಅವನಿಗಿತ್ತು. ಈಗ ನೋಡಿದರೆ, ಹಿಂದಕ್ಕೆ ಕಳಿಸಿದ ಒಂದೊಂದು ಕುಂಬಳಕಾಯಿಯಲ್ಲೂ, ಮುಟ್ಟದೆ ಬಿಟ್ಟ ಒಂದೊಂದು ಎಲೆಯಲ್ಲೂ ಅದನ್ನೇ ಹೇಳುತ್ತ ಬಂದಿದ್ದ. ಊರಿಗೆ ಊರನ್ನೇ ಹಿತ್ತಿಲ ಬಾಗಿಲಲ್ಲಿ ಕೂರಿಸಿದ್ದ.

ಒಳಗಿದ್ದ ಶಾಂತವೀರಮ್ಮನಿಗೆ ಗಂಡನ ಧ್ವನಿ ಕೇಳಿಸಿತು.

"ಕೆಂಚಮ್ಮ, ಹಸಿವಾಗಿದೆ. ಬಜ್ಜಿ ಇದಾವೇನು?"

ಕೆಂಚಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಕಡಲೆಹಿಟ್ಟು ಕೆನ್ನೆಗೆಲ್ಲ ಮೆತ್ತಿತು. "ಹಿಟ್ಟು ಕಲಸಿಟ್ಟೇ ಬಂದಿದೀನಿ. ಬಾ," ಎಂದಳು.

ಅವನು ಪಟ್ಟಿ ಕಟ್ಟಿದ ಕೈ ಹಿಡಿದುಕೊಂಡು ರಸ್ತೆ ದಾಟಿದ. ಅವಳ ಬೆಂಚಿನ ಮೇಲೆ, ಹೋಗಿ ಬರುವವರೆಲ್ಲ ಕಾಣುವ ಹಾಗೆ ಕೂತ. ಎಡಗೈಯಲ್ಲಿ ಬಜ್ಜಿ ಹಿಡಿದು ತಿಂದ. ಎಣ್ಣೆ ಮೊಣಕೈವರೆಗೆ ಇಳಿಯಿತು. ಕಣ್ಣಲ್ಲಿ ನೀರು ಬಂತು. ನೋಡಿದವರು, ಕೆಂಚಮ್ಮ ಇವತ್ತು ಖಾರದ ಮೆಣಸಿನಕಾಯಿ ಹಾಕಿದಾಳೆ ಎಂದು ಹೇಳಿಕೊಂಡು ಮುಂದೆ ಹೋದರು. ತಟ್ಟೆ ಖಾಲಿಯಾದಾಗ ಅವನು ಅದನ್ನು ತುಂಬಿ ಕೊಡಲಿಲ್ಲ. ಹಾಗೇ ಖಾಲಿಯಾಗಿಯೇ ಅವಳ ಕೈಗಿಟ್ಟು, "ಇನ್ನೊಂದು ಹಾಕು," ಎಂದ.

ಮರುದಿನ ಹೊತ್ತು ಏರುವ ಮೊದಲೇ ದಾದಾಪೀರ ಇಟ್ಟಿಗೆಯ ಗಾಡಿ ತಂದು ನಿಲ್ಲಿಸಿದ. ಅವನನ್ನು ಯಾರೂ ಕರೆದಿರಲಿಲ್ಲ. ಬಜ್ಜಿ ತಿಂದ ಸುದ್ದಿಯೇ ಅವನನ್ನು ಕರೆದಿತ್ತು. ದರ್ಜಿ ಮಣ್ಣು ಕಲಸಲು ಬಂದ. ಕಲಸಲು ಬಾರದೆ ತನ್ನ ಮೈಗೇ ಬಳಿದುಕೊಂಡ. ಬೇರೆ ಊರಿಗೆ ಹೋಗಿದ್ದ ಆಳುಗಳು ತಿರುಗಿ ಬಂದರು. ಶಾಂತವೀರಮ್ಮ ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಮಾಡಿದಳು, ಅದಕ್ಕೆ ಬೇಕಾದ ಈರುಳ್ಳಿ ಒಂದು ಮನೆಯಿಂದ, ಪಾತ್ರೆ ಇನ್ನೊಂದು ಮನೆಯಿಂದ ಬಂತು. ರೈತ ಕುಂಬಳಕಾಯಿಗಳನ್ನು ತಂದು ಸುರಿದ. ಹಿಂದೆ ಏನೇನು ಹಿಂದಿರುಗಿತ್ತೋ ಅದೆಲ್ಲ ಬಡ್ಡಿ ಸಮೇತ ಬಂದ ಹಾಗಿತ್ತು, ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಹಾಲೇಶಪ್ಪನಿಗೆ ತೆಗೆದುಕೊಳ್ಳುವ ಅಭ್ಯಾಸವೇ ಇರಲಿಲ್ಲ. ಏನು ಹೇಳಬೇಕೆಂದು ಗೊತ್ತಾಗದೆ, ಯಾರು ಏನು ತಂದರೂ "ಇಡು, ಇಲ್ಲೇ ಇಡು," ಎನ್ನುತ್ತಿದ್ದ. ಜನಕ್ಕೆ ಅಷ್ಟೇ ಸಾಕಾಯಿತು.

ಹೊಸ ಗೂಡು ಎದ್ದಿತು, ಒಲೆಯ ಮೇಲೆ ಹೊಸ ಬಾಣಲೆ ಕೂತಿತು. ದಾದಾಪೀರನ ಗೂಡು ಕಣ್ಣಿಗೆ ಅಷ್ಟು ನೆಟ್ಟಗೆ ಕಾಣುತ್ತಿರಲಿಲ್ಲ, ಆದರೆ ಹೊಗೆಯನ್ನು ಚೆನ್ನಾಗಿ ಎಳೆಯುತ್ತಿತ್ತು. ಯಜಮಾನನ ಕೈ ಇಲ್ಲದೆ ಆಳುಗಳು ಹುರಿದ ಮೊದಲ ಮಂಡಕ್ಕಿ ಒಂದಿಷ್ಟು ಸೀದು ಹೋಗಿತ್ತು. ಅದನ್ನೇ ಎಲ್ಲರೂ ತಿಂದರು.

ಕೈ ಕೂಡಿತು. ಹಾಲೇಶಪ್ಪ ಮೊದಲಿನಂತೆಯೇ ಕೊಟ್ಟ, ಒಂದು ಚೀಲವೂ ಕಡಿಮೆಯಾಗಲಿಲ್ಲ. ಆದರೆ ಮದುವೆಗೆ ಹೋದರೆ ಎಲೆ ಹಾಕುವವರೆಗೆ ಕೂರುತ್ತಿದ್ದ, ಪಾಯಸವನ್ನು ಎರಡನೆಯ ಸಲ ಹಾಕಿಸಿಕೊಳ್ಳುತ್ತಿದ್ದ. ಇನ್ನೊಂದು ಬದಲಾವಣೆಯನ್ನು ಅವನ ಹೆಂಡತಿಯೇ ಮೊದಲು ಕಂಡದ್ದು. ಅದುವರೆಗೆ ಯಾರೂ ಹಾಲೇಶಪ್ಪನಿಗೆ ಎದುರು ಮಾತಾಡಿದ್ದಿಲ್ಲ. ಈಗ ಜನ ಭಟ್ಟಿಯ ಮುಂದೆ ನಿಂತು, "ಏನಪ್ಪಾ, ಇವತ್ತು ಉಪ್ಪು ಜಾಸ್ತಿ ಮಾಡಿದೀಯ," ಎಂದು ಗದರತೊಡಗಿದರು. ಅವನೂ ತಿರುಗಿ ಗದರುತ್ತಿದ್ದ. ಒಳಗಿನಿಂದ ಶಾಂತವೀರಮ್ಮ ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಮದುವೆಯಾಗಿ ಬಂದು ಎಷ್ಟೋ ವರ್ಷಗಳ ಮೇಲೆ, ಇದು ನಮ್ಮ ಊರು ಎಂದು ಅವಳಿಗೆ ಅನ್ನಿಸಿತು.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಹೇಳಿದ: "ಗುರುಗಳೇ, ಹಾಲೇಶಪ್ಪನಿಗೆ ಕೈ ಮುರಿದಿತ್ತು, ಅವನು ಏನು ಮಾಡಿಯಾನು? ನನ್ನ ಕೈಕಾಲು ಗಟ್ಟಿಯಾಗಿವೆ. ಯಾರಿಂದಲೂ ಏನನ್ನೂ ತೆಗೆದುಕೊಳ್ಳದೆ ನಾನು ಇರಬಲ್ಲೆ."

ಗುರು ಪ್ರೀತಿಯಿಂದ ಅವನನ್ನು ನೋಡಿ ಹೇಳಿದರು: "ಹಾಗಾದರೆ ಈಗ ನನ್ನಿಂದ ತೆಗೆದುಕೊಂಡ ಈ ಕತೆಯನ್ನು ಇಲ್ಲೇ ಬಿಟ್ಟು ಹೋಗು."

ಶಿಷ್ಯ ಎದ್ದು, ಮೊನ್ನೆ ಗಂಜಿ ತಂದಿದ್ದ ಜೊತೆಯವನನ್ನು ಹುಡುಕಿಕೊಂಡು ಹೋದ.